ಚೇರ್ಮನ್ ಮೈ ಕೊಡವಲಿಲ್ಲ

ಮಾಳೇಶನ ಜೀವನಚರಿತ್ರೆ ಬರೆಯುವುದು ಸುಲಭ, ಒಂದೇ ಮಾತಿನಲ್ಲಿ ಮುಗಿಯುತ್ತದೆ. ಆ ಮಾತು "ಆಗ್ಲಿ ಬಿಡ್ರಿ". ಬಂದಳಿಕೆಯಿಂದ ಸ್ವಲ್ಪ ಈಚೆಗಿರುವ ಅವನ ಊರಿನಲ್ಲಿ ಯಾರನ್ನು ಬೇಕಾದರೂ ಕೇಳಿ ನೋಡಿ, ಅವನು "ಬ್ಯಾಡ" ಅಂದಿದ್ದನ್ನು ಕಿವಿಯಾರೆ ಕೇಳಿದವರು ಒಬ್ಬರೂ ಸಿಗುವುದಿಲ್ಲ. ಚುನಾವಣೆ ಬಂದರೆ ಮನೆಗೆ ಬಂದ ಪ್ರತಿ ಪಕ್ಷದವರಿಗೂ ಆಗ್ಲಿ ಬಿಡ್ರಿ ಅನ್ನುತ್ತಾನೆ, ಎಲ್ಲರೂ ಅವನ ಓಟು ತಮಗೇ ಅಂದುಕೊಂಡು ಖುಷಿಯಾಗಿ ಹೋಗುತ್ತಾರೆ. ಕಟಿಂಗ್ ಅಂಗಡಿಯಲ್ಲಿ "ಮೀಸೆ ಇರ್ಲಾ, ತೆಗೀಲಾ?" ಅಂತ ಕೇಳಿದರೂ ಅದೇ ಉತ್ತರ. ಕಟಿಂಗ್ ಮಾಡುವವನು ಪಾಪ ಏನು ಮಾಡಬೇಕು ಹೇಳಿ? ತನಗೆ ತೋಚಿದ್ದನ್ನು ಮಾಡುತ್ತಾನೆ. ಹಾಗಾಗಿ ಮಾಳೇಶನಿಗೆ ಕೆಲವು ತಿಂಗಳು ಮೀಸೆ ಇರುತ್ತದೆ, ಕೆಲವು ತಿಂಗಳು ಇರುವುದಿಲ್ಲ.

ಇಂಥವನನ್ನು ಕಂಡರೆ ಮೈ ಉರಿಯುವುದಿಲ್ಲವೇ? ಉರಿಯುತ್ತದೆ. ಅವನ ಹೆಂಡತಿ ದುರುಗಮ್ಮನಿಗೂ ಉರಿಯುತ್ತಿತ್ತು. ಮದುವೆಯಾದ ಹೊಸದರಲ್ಲಿ ಆಕೆ, "ರೀ, ರೊಟ್ಟಿ ಮಾಡ್ಲೋ ಅನ್ನ ಮಾಡ್ಲೋ?" ಎಂದು ಕೇಳುತ್ತಿದ್ದಳು. "ಯಾವ್ದಾದ್ರೂ ಆಗ್ಲಿ ಬಿಡು" ಎನ್ನುತ್ತಿದ್ದ. ಒಂದು ದಿನ ರೇಗಿ ಏನೂ ಮಾಡದೆ ಕೂತಳು. "ಇವತ್ತು ಒಲೆ ಹಚ್ಚಿಲ್ಲ" ಅಂದಳು. ಅದಕ್ಕೂ ಆಗ್ಲಿ ಬಿಡು ಎಂದು ಒಂದು ಚೊಂಬು ನೀರು ಕುಡಿದು ಮಲಗಿದ ಪುಣ್ಯಾತ್ಮ. ಅಲ್ಲಿಗೆ ಆಕೆ ಕೇಳುವುದನ್ನೇ ಬಿಟ್ಟಳು. ಮನೆಗೆ ಯಾವ ಬಣ್ಣ, ಮಗಳಿಗೆ ಯಾವ ಕಾಲೇಜು, ಎಷ್ಟು ಮರಿ ಮಾರಬೇಕು, ಎಲ್ಲಾ ಆಕೆಯದೇ ತೀರ್ಮಾನ. ಯಾರಾದರೂ ಏನಾದರೂ ಕೇಳಿದರೆ ಮಾಳೇಶ, "ನಮ್ ಕೈಯಾಗೇನೈತ್ರಿ, ಎಲ್ಲಾ ಮೇಲಿನೋರು ಆಡಿಸ್ದಂಗೆ" ಎನ್ನುತ್ತಾನೆ. ಮೇಲಿನೋರು ಅಂದರೆ ದೇವರೋ ದುರುಗಮ್ಮನೋ ಎಂದು ಯಾರೂ ಬಿಡಿಸಿ ಕೇಳಿಲ್ಲ.

ಅವನು ಕುರಿ ಮೇಯಿಸುತ್ತಾನೆ ಎಂದು ಊರವರು ಹೇಳುತ್ತಾರೆ. ಸರಿಯಾಗಿ ನೋಡಿದರೆ ಕುರಿಗಳೇ ಅವನನ್ನು ಮೇಯಿಸುತ್ತವೆ. ಬೆಳಗ್ಗೆ ದೊಡ್ಡಿಯ ಬಾಗಿಲು ತೆಗೆದು ಅವನು ಪಕ್ಕಕ್ಕೆ ನಿಲ್ಲುತ್ತಾನೆ. ಕುರಿಗಳು ಕೆರೆ ಕಡೆ ತಿರುಗಿದರೆ ಅವನೂ ಕೆರೆ ಕಡೆ, ಹಳೇ ಗುಡಿಗಳ ಕಡೆ ತಿರುಗಿದರೆ ಅವನೂ ಆ ಕಡೆ. ಎಷ್ಟೋ ನೂರು ವರ್ಷದ ಶಾಸನದ ಕಲ್ಲಿಗೆ ಕುರಿಗಳು ಮೈ ಉಜ್ಜಿಕೊಳ್ಳುವಾಗ ಅಲ್ಲಿನ ಕಾವಲಿನವನು ಬಾಯಿ ಮಾಡುತ್ತಾನೆ. "ಹೊಡ್ಕೊಂಡು ಹೋಗೋ ಆಚೆಗೆ!" "ಆಗ್ಲಿ ಬಿಡ್ರಿ" ಎಂದು ಮಾಳೇಶ ಅಲ್ಲೇ ನೆರಳಿಗೆ ಕೂರುತ್ತಾನೆ, ಕುರಿಗಳಿಗೆ ಮನಸ್ಸು ಬರುವ ತನಕ.

ಮದುವೆಯಾಗಿದ್ದೂ ಹೀಗೇ ಅಂತೆ. ಅಂತೆ ಅಂದರೆ, ಅವನು ಊರಿಗೆಲ್ಲ ಹೇಳಿಕೊಂಡು ಬಂದಿರುವುದು ಹೀಗೆ. ಕುರಿಗಳಿಗೆ ಜಂತಿನ ಔಷಧಿ ತರಲು ಶಿಕಾರಿಪುರದಲ್ಲಿ ಸೊರಬದ ಬಸ್ಸು ಹತ್ತಿದ್ದ, ಇಳಿಯಬೇಕಾಗಿದ್ದು ದಾರಿಯಲ್ಲಿ ಸಿಗುವ ಶಿರಾಳಕೊಪ್ಪದಲ್ಲಿ. ಪಕ್ಕದಲ್ಲಿ ಕೂತಿದ್ದ ದಪ್ಪನೆಯ ಮನುಷ್ಯನೊಬ್ಬ ಊರು ದಾಟುತ್ತಿದ್ದಂತೆ ಇವನ ಹೆಗಲ ಮೇಲೆ ತಲೆ ಇಟ್ಟು ಗೊರಕೆ ಹೊಡೆಯತೊಡಗಿದ. ಶಿರಾಳಕೊಪ್ಪ ಬಂತು. ಎದ್ದರೆ ಆ ಮನುಷ್ಯನ ನಿದ್ದೆ ಕೆಡುತ್ತದಲ್ಲ! ಹಾಗೇ ಕೂತ. ಕಂಡಕ್ಟರು ಬೈದು ಮುಂದಕ್ಕೆ ಟಿಕೆಟ್ಟು ಹರಿದ. ಸೊರಬದಲ್ಲಿ ಆ ಮನುಷ್ಯ ಎದ್ದು, ಗುರುತಿಲ್ಲದವನ ಹೆಗಲ ಮೇಲೆ ತನ್ನ ಜೊಲ್ಲು ನೋಡಿ ನಾಚಿ, ಟೀ ಕುಡಿಸಿದ. ಜಡೆ ಎಂಬ ಊರಿನ ಕಡೆಯವನು, ಹೆಸರು ಚಂದ್ರಶೇಖರಪ್ಪ. ಯಾವ ಊರು, ಯಾರ ಮಗ, ಕುಲದೊಳಗೆ ಯಾವ ಬೆಡಗು ಎಂದು ವಿಚಾರಿಸಿ, ಎಲ್ಲಾ ಕೂಡಿ ಬಂದಿದ್ದು ನೋಡಿ, ಹೆಂಗಸರ ಸೀಟಿನಿಂದ ಇಳಿದು ಬಂದು ಆಚೆ ನಿಂತಿದ್ದ ತಂಗಿಯನ್ನು ತೋರಿಸಿ, "ಇವಳಿಗೆ ಗಂಡು ನೋಡ್ತಾ ಇದೀವಿ. ನಿನ್ ಅಭಿಪ್ರಾಯ ಎಂತ ಮಾರಾಯ?" ಎಂದ. ಮಾಳೇಶನ ಅಭಿಪ್ರಾಯ ಏನೆಂದು ನಿಮಗೆ ಗೊತ್ತೇ ಇದೆ. ಔಷಧಿ ತರಲು ಹೋದವನು ಹೆಣ್ಣು ಗೊತ್ತು ಮಾಡಿಕೊಂಡು ಬಂದ ಎಂದು ಊರೆಲ್ಲ ನಕ್ಕಿತು. ಜಂತಿನ ಔಷಧಿ ತರಲೇ ಇಲ್ಲ.

ಇಷ್ಟು ವರ್ಷ ಹೀಗೇ ಆಗ್ಲಿ ಬಿಡ್ರಿ ಅಂದುಕೊಂಡು ಬಂದವನಿಗೆ ಗ್ರಹಚಾರ ಬಂದಿದ್ದು ಹೋದ ಮಳೆಗಾಲದಲ್ಲಿ, ಜ್ವರದ ರೂಪದಲ್ಲಿ. ಎಂಥಾ ಜ್ವರ ಅಂತೀರಿ! ಶಿಕಾರಿಪುರದ ಆಸ್ಪತ್ರೆಯಲ್ಲಿ ಡ್ರಿಪ್ ಏರಿಸಿಕೊಂಡು ಎಚ್ಚರವಿಲ್ಲದೆ ಮಲಗಿದ್ದ. ದುರುಗಮ್ಮನಿಗೆ ಕೈಕಾಲೇ ಆಡಲಿಲ್ಲ. ಹೊಲದ ಬದುವಿನ ಬೇವಿನ ಮರದ ಬುಡದಲ್ಲಿರುವ ಕಲ್ಲು ದುರುಗವ್ವನನ್ನು ನೆನೆದು, ಆಸ್ಪತ್ರೆಯ ಕಾರಿಡಾರಿನಲ್ಲೇ ಸೆರಗೊಡ್ಡಿ ಬೇಡಿಕೊಂಡಳು. "ಯವ್ವಾ, ಇವ್ರನ್ನ ಉಳಿಸ್ಕೊಡು, ಮನೆಯಾಗಿರೋ ಒಳ್ಳೇ ಟಗರು ನಿಂಗೆ." ಮಾಳೇಶ ಬದುಕಿದ. ಮನೆಗೆ ಬಂದು ಗಂಜಿ ಕುಡಿಯುತ್ತಿದ್ದಾಗ ಆಕೆ ಹರಕೆಯ ವಿಷಯ ಹೇಳಿದಳು. "ಆಗ್ಲಿ ಬಿಡು" ಎಂದ, ಅಭ್ಯಾಸ ನೋಡಿ. ಹಾಗೆ ಅಂದು ಒಂದು ಗುಟುಕು ಗಂಜಿ ಕುಡಿದ ಮೇಲೆ ಅವನಿಗೆ ಹೊಳೆಯಿತು: ಮನೆಯಲ್ಲಿರುವ ಒಳ್ಳೇ ಟಗರು ಅಂದರೆ ಚೇರ್ಮನ್.

ಚೇರ್ಮನ್ ಯಾರೆಂದು ಹೇಳಬೇಕು. ಅದು ಹುಟ್ಟಿದ ದಿನವೇ ತಾಯಿ ಸತ್ತಿತು. ಮಾಳೇಶ ಬಾಟಲಿಯಲ್ಲಿ ಹಾಲು ಕುಡಿಸಿ, ಕಂಬಳಿಯೊಳಗೆ ಸುತ್ತಿಟ್ಟುಕೊಂಡು ಸಾಕಿದ. ಬೆಳೆದ ಮೇಲೆ ಅದಕ್ಕೆ ಎಂಥ ಗತ್ತು! ಎದೆ ಮುಂದೆ ಮಾಡಿ ಹಿಂಡಿನ ಮುಂದೆ ನಡೆಯುತ್ತಿತ್ತು, ಹಿಂದೆ ಉಳಿದವೆಲ್ಲ ತಲೆ ತಗ್ಗಿಸಿ ಬರುತ್ತಿದ್ದವು, ಮಾಳೇಶನೂ ಸೇರಿ. ಅದಕ್ಕೇ ಊರವರು ಆ ಹೆಸರಿಟ್ಟರು. ಮಾಳೇಶ ರೊಟ್ಟಿ ತಿಂದರೆ ಅದಕ್ಕೂ ಒಂದು ತುಂಡು ಅಂಗಿಯ ಜೇಬಿನಲ್ಲಿ ಇರಬೇಕು, ಇಲ್ಲದಿದ್ದರೆ ಜೇಬನ್ನೇ ಕಚ್ಚಿ ಎಳೆಯುತ್ತಿತ್ತು. ಆಸ್ಪತ್ರೆಯಿಂದ ಬಂದ ದಿನ, ಕಟ್ಟೆಯ ಮೇಲೆ ಕಂಬಳಿ ಹೊದ್ದು ಕೂತವನ ಬಳಿ ಅದು ಬಂದು ಖಾಲಿ ಜೇಬಿಗೆ ಮೂತಿ ಹಾಕಿ ಹುಡುಕಿ, ಸಿಗದಿದ್ದರೂ ಹೋಗದೆ ಮೊಣಕಾಲಿಗೆ ತಲೆ ಒರಗಿಸಿ ನಿಂತಿತ್ತು. ಮಾಳೇಶನಿಗೆ ಅದೆಂದರೆ ಪ್ರಾಣ. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಕೇಳಿದವರೂ ಇರಲಿಲ್ಲ.

ಈಗ ಬೇರೆ ಯಾರಾದರೂ ಆಗಿದ್ದರೆ ಹೆಂಡತಿಯನ್ನು ಕೂರಿಸಿಕೊಂಡು, "ಚೇರ್ಮನ್ ಬ್ಯಾಡ ಕಣೆ, ಬೇರೆ ಟಗರು ಕೊಡಾನ" ಎಂದು ಹೇಳಿ ಮುಗಿಸುತ್ತಿದ್ದರು. ಇವನಿಗೆ ಆ ಮಾತು ಗಂಟಲವರೆಗೆ ಬರುತ್ತಿತ್ತು, ಅಲ್ಲಿಂದ ಮೇಲೆ ದಾರಿ ಗೊತ್ತಿರಲಿಲ್ಲ. ಅದರ ಬದಲು, "ಯಾಕೋ ಅದು ಕುಂಟ್ತೈತೆ" ಎಂದು ಒಂದು ಸಲ ಹೇಳಿ ನೋಡಿದ. ಅಷ್ಟರಲ್ಲಿ ಚೇರ್ಮನ್ ಪಕ್ಕದ ಮನೆಯ ಬೇಲಿ ಹಾರಿ ಬಂತು. ಇನ್ನೊಂದು ಸಲ, "ಬಡವಾಗೈತೆ, ಅವ್ವಗೆ ಬಡಕಲು ಟಗರು ಕೊಟ್ರೆ ಚಂದ ಅಲ್ಲ" ಎಂದ. "ಹೌದಲ್ರೀ" ಎಂದು ದುರುಗಮ್ಮ ಅಂದಿನಿಂದ ಅದಕ್ಕೆ ದಿನಾ ಹುರುಳಿ ಬೇಯಿಸಿ ಹಾಕತೊಡಗಿದಳು.

ಹರಕೆಯನ್ನು ಡಿಸೆಂಬರಿನಲ್ಲಿ ತೀರಿಸುವುದೆಂದು ಗೊತ್ತು ಮಾಡಿದರು. ಅದೇ ಹೊತ್ತಿಗೆ ಮಗಳು ನಾಗಶ್ರೀ ಮನೆಯಲ್ಲಿ ಭಾಷಣ ಶುರುಮಾಡಿದಳು. ಶಿಕಾರಿಪುರದ ಕಾಲೇಜಿನಲ್ಲಿ ಡಿಗ್ರಿ ಓದುವ ಹುಡುಗಿ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯಂತೆ, ವಿಷಯ 'ಮನುಷ್ಯನಿಗೆ ಸ್ವಂತ ಇಚ್ಛೆ ಎಂಬುದು ಇದೆಯೇ?' ಇವಳು ಇಲ್ಲ ಎಂದು ವಾದಿಸಬೇಕು.

"ಯಾಕೆ, ಇಲ್ಲ ಅಂತ ನಿಂಗೆ ಅನ್ಸುತ್ತಾ?" ಎಂದು ದುರುಗಮ್ಮ ಕೇಳಿದಳು.

"ನಂಗೇನೂ ಅನ್ಸಲ್ಲವ್ವ. ಮೇಷ್ಟ್ರು ಚೀಟಿ ಎತ್ತಿಸಿದ್ರು, ನಂಗೆ ಇಲ್ಲ ಅನ್ನೋದು ಬಂತು."

ಊಟಕ್ಕೆ ಕೂತಾಗ ಅಪ್ಪನೇ ಅವಳ ಸಭೆ. "ಮಾನ್ಯರೇ, ನಾವು ಕೈ ಎತ್ತಬೇಕು ಅಂದ್ಕೊಳ್ಳೋದಕ್ಕೂ ಮುಂಚೆನೇ ನಮ್ಮ ಮಿದುಳು ಅದನ್ನ ತೀರ್ಮಾನ ಮಾಡಿ ಆಗಿರುತ್ತೆ. ನಾವು ಆಮೇಲೆ, ನಾನೇ ಎತ್ತಿದೆ ಅಂತ ಹೆಮ್ಮೆ ಪಡ್ತೀವಿ."

"ಹಂಗಾರೆ ಒಳ್ಳೇದಾತಲ್ಲ" ಎಂದ ಮಾಳೇಶ. "ನಮಗೆ ಕೆಲ್ಸ ಕಮ್ಮಿ."

"ಅಪ್ಪಾ, ನಗಬ್ಯಾಡ. ಕೇಳಿಲ್ಲಿ. ನೀನು ಚಳಿಗಾಲದಾಗೆ ಕೆರೆಗೆ ಇಳಿದ್ರೆ ಮೊದ್ಲು ಮೈ ನಡುಗುತ್ತೆ. ದಿನಾ ಇಳಿದ್ರೆ ನಡುಗಲ್ಲ. ನಡುಗ್ಲಾ ಬ್ಯಾಡ್ವಾ ಅಂತ ನಿನ್ನ ಮೈ ನಿನ್ನ ಕೇಳುತ್ತಾ? ಅಭ್ಯಾಸ ಆದ್ರೆ ಸುಮ್ಮನಾಗುತ್ತೆ ಅಷ್ಟೇ. ಇಚ್ಛೆಗಿಚ್ಛೆ ಎಲ್ಲಾ ಸುಳ್ಳು."

ಮಾಳೇಶನ ಕೈಯ ತುತ್ತು ಬಾಯಿಗೆ ಹೋಗದೆ ನಿಂತಿತು. ಹರಕೆಯ ಪದ್ಧತಿ ನೆನಪಾಯಿತು ಅವನಿಗೆ. ಟಗರನ್ನು ದೇವಿಯ ಮುಂದೆ ನಿಲ್ಲಿಸಿ ಬೆನ್ನಿನ ಮೇಲೆ ತೀರ್ಥ ಹಾಕುತ್ತಾರೆ. ಅದು ಮೈ ಕೊಡವಬೇಕು. ಕೊಡವಿದರೆ ಟಗರೂ ಒಪ್ಪಿತು, ಅವ್ವನೂ ಒಪ್ಪಿದಳು ಎಂದು ಲೆಕ್ಕ. ಕೊಡವದಿದ್ದರೆ ಯಾರೂ ಕತ್ತಿ ಮುಟ್ಟುವ ಹಾಗಿಲ್ಲ. ತಣ್ಣೀರು ಬಿದ್ದರೆ ಯಾವ ಪ್ರಾಣಿ ತಾನೇ ಕೊಡವುವುದಿಲ್ಲ? ಹಾಗಾಗಿ ಅಂದಿನವರೆಗೂ ಬೇಡ ಎಂದ ಟಗರನ್ನು ಊರವರು ಕಂಡಿರಲಿಲ್ಲ.

ಮರುದಿನದಿಂದ ಕೆರೆಯ ದಂಡೆಯಲ್ಲಿ ಒಂದು ಪಾಠಶಾಲೆ ಶುರುವಾಯಿತು. ಮಾಳೇಶ ಬೊಗಸೆ ನೀರು ತಂದು ಚೇರ್ಮನ್ ಬೆನ್ನಿಗೆ ಹಾಕುವನು. ಅದು ಬುರ್‌ರೆಂದು ಮೈ ಕೊಡವಿ ಇವನ ಮುಖಕ್ಕೇ ಎರಚುವುದು. ಮತ್ತೆ ಬೊಗಸೆ. ಸುಮ್ಮನೆ ನಿಂತರೆ ಜೇಬಿನಿಂದ ಒಂದು ತುಂಡು ರೊಟ್ಟಿ, ಕೊಡವಿದರೆ ರೊಟ್ಟಿ ಇಲ್ಲ. ಚೇರ್ಮನ್ ದಡ್ಡನಲ್ಲ. ಡಿಸೆಂಬರ್ ಬರುವಷ್ಟರಲ್ಲಿ, ಬೆನ್ನಿನ ಮೇಲೆ ನೀರು ಬಿದ್ದರೆ ಕಣ್ಣು ಮುಚ್ಚಿ ಋಷಿಯ ಹಾಗೆ ನಿಂತು, ಆಮೇಲೆ ಜೇಬಿನ ಕಡೆ ಮೂತಿ ತಿರುಗಿಸುವುದನ್ನು ಕಲಿತಿತ್ತು.

ನಾಗಶ್ರೀ ಒಂದು ಬೆಳಗ್ಗೆ ಬಸ್ಸಿಗೆ ಹೋಗುವಾಗ ಇದನ್ನು ಕಂಡಳು. "ಅಪ್ಪಾ, ಅದಕ್ಕ್ಯಾಕೆ ನೀರು ಹಾಕ್ತೀಯ?"

"ಸೆಕೆ ಅಂತವ್ವ ಅದಕ್ಕೆ."

"ಈ ಚಳಿಯಾಗಾ?" ಎಂದಳು. ಅಪ್ಪನ ಮುಖ ನೋಡಿದಳು, ಟಗರಿನ ಮುಖ ನೋಡಿದಳು. ಮುಂದೆ ಏನೂ ಕೇಳದೆ ಬಸ್ಸಿಗೆ ಹೋದಳು, ಜಾಣೆ.

ಹರಕೆಯ ಹಿಂದಿನ ದಿನವೇ ಜಡೆಯಿಂದ ಚಂದ್ರಶೇಖರಪ್ಪ ಹಾಜರು. ಒಂದು ಕೈಯಲ್ಲಿ ಸೊರಬದಿಂದ ತಂದ ಮಸಾಲೆಯ ಪೊಟ್ಟಣ, ಇನ್ನೊಂದರಲ್ಲಿ ಮನೆಯವರಿಗೆ ಪಾಲು ಒಯ್ಯಲು ದೊಡ್ಡದೊಂದು ಸ್ಟೀಲ್ ಡಬ್ಬಿ. ದೊಡ್ಡಿಗೆ ಹೋಗಿ ಚೇರ್ಮನ್ ಬೆನ್ನು ತಟ್ಟಿ, "ಹುರುಳಿ ತಿಂದು ಚೊಲೋ ಮೈ ಬಂದಿದೆ. ತೊಡೆ ನೋಡು ಮಾರಾಯ!" ಎಂದು ಬಾಯಲ್ಲಿ ನೀರೂರಿಸಿದ. ಮಾಳೇಶನಿಗೆ ಭಾವನ ಮೇಲೆ ಜೀವಮಾನದಲ್ಲೇ ಮೊದಲ ಬಾರಿಗೆ ಸಿಟ್ಟು ಬಂತು. ಆದರೂ, "ಆಗ್ಲಿ ಬಿಡ್ರಿ ಭಾವ, ಕೈ ತೊಳ್ಕೊಳ್ರಿ" ಎಂದ.

ಬೆಳಗ್ಗೆ ಬೇವಿನ ಮರದ ಬಳಿ ನೆಂಟರು, ನೆರೆಯವರು ಸೇರಿದರು. ಮೂರು ಕಲ್ಲಿನ ಒಲೆ ಆಗಲೇ ಹೊತ್ತಿತ್ತು. ದುರುಗವ್ವನ ಪೂಜೆ ಮಾಡುವವಳು ಬಸವಣ್ಣೆಮ್ಮ, ಊರಿಗೆಲ್ಲ ದೊಡ್ಡವ್ವ. ಹಲ್ಲಿಲ್ಲ, ಹಿಡಿದ ಪಟ್ಟು ಬಿಡುವುದಿಲ್ಲ. ಚೇರ್ಮನ್ ಹಣೆಗೆ ಕುಂಕುಮ ಹಚ್ಚಿ, ಕೊರಳಿಗೆ ಬೇವಿನ ಸೊಪ್ಪಿನ ಹಾರ ಹಾಕಿದಳು. ಮಾಳೇಶ ಹಗ್ಗ ಹಿಡಿದು ಪಕ್ಕದಲ್ಲಿ ನಿಂತಿದ್ದ. ಪಾಠ ಕಲಿತಿದ್ದೇನೋ ಸರಿ, ಪರೀಕ್ಷೆಯ ದಿನ ಮರೆತುಬಿಟ್ಟರೆ?

ಬಸವಣ್ಣೆಮ್ಮ ಒಂದು ಬೊಗಸೆ ತೀರ್ಥ ಹಾಕಿದಳು. ಚೇರ್ಮನ್ ಕಣ್ಣು ಮುಚ್ಚಿತು. ಟಗರು ನಿಂತೇ ಇತ್ತು.

ಇನ್ನೊಂದು ಬೊಗಸೆ. ಚೇರ್ಮನ್ ಕಣ್ಣು ತೆರೆದು, ಮಾಳೇಶನ ಅಂಗಿಯ ಜೇಬಿನ ಕಡೆ ಮೂತಿ ಚಾಚಿತು. ಅವನು ಒಂದು ಹೆಜ್ಜೆ ಆಚೆ ಸರಿದ. ಅದೂ ಒಂದು ಹೆಜ್ಜೆ ಸರಿಯಿತು.

"ಎಂತ ಮಾರಾಯ ಇದು, ಕಲ್ಲಿನ ಟಗರಾ?" ಎಂದ ಚಂದ್ರಶೇಖರಪ್ಪ. "ದೊಡ್ಡವ್ವ, ನೀವು ಹನಿಸಿದ್ರೆ ಅದಕ್ಕೆ ಗೊತ್ತಾಗದಿಲ್ಲ. ಸರಿಯಾಗಿ ಹಾಕಿ."

"ತೀರ್ಥ ಹಾಕೋದು ಕಣಪ್ಪ ಇದು, ಜಳಕ ಮಾಡ್ಸೋದಲ್ಲ" ಎಂದಳು ಬಸವಣ್ಣೆಮ್ಮ. ಆದರೂ ಮತ್ತೆ ಹಾಕಿದಳು. ಚೇರ್ಮನ್ ಕೊರಳಿನ ಬೇವಿನ ಸೊಪ್ಪನ್ನು ನಿಧಾನವಾಗಿ ತಿನ್ನತೊಡಗಿತು. ಜನ ಗುಸುಗುಸು ಶುರುಮಾಡಿದರು. ಕಿವಿಯೊಳಗೆ ಊದಿ ಎಂದರು ಒಬ್ಬರು, ಬಾಲ ಹಿಡಿದು ಎಳೀರಿ ಎಂದರು ಇನ್ನೊಬ್ಬರು. ದುರುಗಮ್ಮನ ಮುಖ ಬಿಳಿಚಿಕೊಂಡಿತ್ತು. ಅವ್ವ ಹರಕೆ ಒಪ್ಪಲಿಲ್ಲ ಅಂದರೆ ಗಂಡನ ಗತಿ ಏನು ಎಂಬುದೊಂದೇ ಅವಳ ತಲೆಯಲ್ಲಿ.

ಒಲೆಯ ಮೇಲೆ ಎಸರು ಕುದಿಯುತ್ತಿರುವುದನ್ನು ನೋಡಿ ನೋಡಿ ಚಂದ್ರಶೇಖರಪ್ಪನಿಗೆ ತಡೆಯಲಾಗಲಿಲ್ಲ. "ಇತ್ಲಾಗೆ ಬಿಡಿ" ಎಂದು, ರಾತ್ರಿಯಿಡೀ ಬಯಲಿನಲ್ಲಿದ್ದು ಮಂಜಿನಂತಾಗಿದ್ದ ನೀರಿನ ಕೊಡವನ್ನು ಎತ್ತಿ, ಕೊಡಕ್ಕೆ ಕೊಡವನ್ನೇ ಸುರಿದ. ಅವಸರಕ್ಕೆ ಕಾಲು ಜಾರಿತು. ಅರ್ಧ ನೀರು ಟಗರಿನ ಮೇಲೆ ಬಿತ್ತು, ಉಳಿದದ್ದು ಮಾಳೇಶನ ನೆತ್ತಿಯ ಮೇಲೆ.

ಮಾಳೇಶ ನಡುಗಿದ. ನಡುಗಿದ ಅಂದರೆ ಸಣ್ಣದಾಗಿ ಅಲ್ಲ. ತಲೆಯಿಂದ ಶುರುವಾಗಿ ಹೆಗಲು, ಎದೆ, ಮೊಣಕಾಲಿನವರೆಗೆ ಇಡೀ ಮೈ ಬುರ್‌ರೆಂದು ಕೊಡವಿತು. ಸುತ್ತ ನಿಂತವರ ಮೇಲೆಲ್ಲ ಹನಿ ಹಾರಿತು.

"ಕೊಡವ್ತು! ಕೊಡವ್ತು!" ಎಂದು ಚಂದ್ರಶೇಖರಪ್ಪ ಬಿದ್ದಲ್ಲಿಂದಲೇ ಕೂಗಿದ.

"ಟಗರಲ್ಲ ಕಣೋ" ಎಂದಳು ಬಸವಣ್ಣೆಮ್ಮ. "ನಿನ್ ಭಾವ."

"ಯಾರಾದ್ರೆ ಎಂತ? ಟಗರಿನ ಯಜಮಾನ ಅವನೇ ಅಲ್ಲನಾ? ಯಜಮಾನನ ಮೈಯೇ ಒಪ್ಪಿದ ಮೇಲೆ ಟಗರಿಂದು ಎಂತದು ಬಾಕಿ?"

ಈ ಮಾತು ಹಲವರಿಗೆ ಸರಿ ಕಂಡಿತು, ಎಲ್ಲರಿಗೂ ಹಸಿವಾಗಿತ್ತಲ್ಲ. ಬಸವಣ್ಣೆಮ್ಮ ಕೂಡ ಗಲ್ಲಕ್ಕೆ ಕೈಯಿಟ್ಟು ಯೋಚಿಸಿದಳು. ಕೊನೆಗೆ, "ಅವನನ್ನೇ ಕೇಳಾನ" ಎಂದಳು. "ಏನೋ ಮಾಳೇಶ, ಒಪ್ಪಿಗೆನಾ?"

ಎಲ್ಲರೂ ಅವನ ಕಡೆ ತಿರುಗಿದರು. ಚಂದ್ರಶೇಖರಪ್ಪ ಕೈ ಮುಗಿದ. "ಆಗ್ಲಿ ಬಿಡ್ರಿ ಅಂತ ಒಂದು ಮಾತು ಅಂದ್ಬಿಡು ಮಾರಾಯ, ಎಸರು ಕುದೀತಾ ಇದೆ."

ಆ ಮಾತು ಆಗಲೇ ನಾಲಿಗೆಯ ಮೇಲೆ ಬಂದು ಕೂತಿತ್ತು. ಯಾವಾಗಲೂ ಹಾಗೇ, ಕರೆಯದೇ ಬರುವ ಮಾತು ಅದು. ಬಾಯಿ ತೆರೆದರೆ ಸಾಕು. ಅಷ್ಟರಲ್ಲಿ ಚೇರ್ಮನ್ ಕೊನೆಗೂ ಅವನ ಜೇಬಿಗೆ ಮೂತಿ ಹಾಕಿತು. ಒದ್ದೆ ಜೇಬಿನಲ್ಲಿ ರೊಟ್ಟಿ ಇರಲಿಲ್ಲ. ಇಷ್ಟು ಹೊತ್ತು ಸುಮ್ಮನೆ ನಿಂತಿದ್ದಕ್ಕೆ ತನಗೆ ಬರಬೇಕಾದದ್ದು ಎಲ್ಲಿ ಎಂದು ಅದು ಅವನ ಮುಖವನ್ನೇ ನೋಡಿತು.

"ಬ್ಯಾಡ" ಎಂದ.

ಯಾರಿಗೂ ಅರ್ಥವಾಗಲಿಲ್ಲ. ಆ ಬಾಯಿಂದ ಆ ಮಾತು ಕೇಳಿ ಗೊತ್ತಿರಲಿಲ್ಲವಲ್ಲ.

"ಬ್ಯಾಡ ಅಂದೆ!" ಈ ಸಲ ಕೂಗಿದ. ದನಿ ಅವನಿಗೇ ಗುರುತು ಸಿಗದಷ್ಟು ದೊಡ್ಡದಿತ್ತು. "ಚಳಿಗೆ ಮೈ ನಡುಗ್ತು, ಅಷ್ಟೇ. ಮೈ ನಡುಗಿದ್ರೆ ನಾನು ಒಪ್ಪಿದಂಗೇನು? ನಾನು ಒಪ್ಪಿಲ್ಲ. ಈ ಟಗರನ್ನ ಯಾರೂ ಮುಟ್ಟಂಗಿಲ್ಲ!"

ದುರುಗಮ್ಮ ಮುಂದೆ ಬಂದಳು. "ನಿಮ್ ಜೀವಕ್ಕೆ ಅಂತ ಬೇಡ್ಕೊಂಡಿದ್ದು ಕಣ್ರೀ ನಾನು. ಹರಕೆ ತಪ್ಪಿ ನಿಮಗೆ ಹೆಚ್ಚುಕಮ್ಮಿ ಆದ್ರೆ ನಾನೇನು ಮಾಡ್ಲಿ?" ಎಂದು ಅಳತೊಡಗಿದಳು. ಬ್ಯಾಡ ಎಂದ ಮೇಲೆ ಮುಂದೇನು ಹೇಳಬೇಕು ಎಂಬುದು ಮಾಳೇಶನಿಗೆ ಅಭ್ಯಾಸವಿರಲಿಲ್ಲ.

ಆಗ ಬಸವಣ್ಣೆಮ್ಮ ಕೈಯ ಚೊಂಬು ಕೆಳಗಿಟ್ಟು, ಅವನ ಮುಂದೆ ಬಂದು ನಿಂತು ಕೈ ಮುಗಿದಳು.

"ಅಳಬ್ಯಾಡ ದುರುಗಿ. ಈ ಮಾಳೇಶ ಹುಟ್ಟಿದಾಗ ಬೆನ್ನು ತಟ್ಟಿ ಅಳಿಸ್ದೋಳು ನಾನು. ಇವತ್ತಿನವರ್ಗೂ ಒಂದಕ್ಕೂ ಬ್ಯಾಡ ಅಂದ ಗಂಡಸಲ್ಲ ಇದು. ಇವನ ಬಾಯಾಗೆ ಬ್ಯಾಡ ಅಂತ ಬಂತು ಅಂದ್ರೆ ಅದು ಇವನ ಮಾತೇ ಅಲ್ಲ. ಮೈ ಹೆಂಗೆ ಕೊಡವ್ದ ನೋಡ್ಲಿಲ್ವೇನು? ಅವ್ವ ಬಂದಿದ್ಲು! ಅವ್ವನೇ ಬ್ಯಾಡ ಅಂತ ಆಡಿಸಿದ್ಲು!"

"ಅಯ್ಯಯ್ಯೋ, ಅವ್ವ!" ಎಂದು ಜನ ಕೈ ಮುಗಿದರು.

"ಅಲ್ಲ!" ಎಂದು ಮಾಳೇಶ ಹೌಹಾರಿದ. "ಅವ್ವ ಅಲ್ರೀ, ನಾನು! ನಾನೇ ಅಂದಿದ್ದು!"

"ಇನ್ನೂ ಇಳಿದಿಲ್ಲ" ಎಂದಳು ಬಸವಣ್ಣೆಮ್ಮ. "ಅರಿಶಿನ ತಗಂಬರ್ರಿ."

"ದೊಡ್ಡವ್ವ, ನನ್ ಮಾತು ಕೇಳು. ನಾನೇ ದಿನಾ ಕೆರೆ ದಂಡೆಯಾಗೆ ಇದಕ್ಕೆ..."

"ಅಪ್ಪಾ!" ನಾಗಶ್ರೀ ಅವನ ತೋಳು ಹಿಡಿದು ಹಿಂಡಿದಳು. "ಸುಮ್ಮನಿರು. ಅವ್ವನ್ನ ನೋಡು."

ಅವಳು ಹೇಳಿದ ಅವ್ವ ಕಲ್ಲಿನವಳಲ್ಲ, ಹೆತ್ತವಳು. ಮಾಳೇಶ ನೋಡಿದ. ದುರುಗಮ್ಮ ಮಣ್ಣಿನ ಮೇಲೆ ಅಡ್ಡಬಿದ್ದು, ಎದ್ದು, ಕೈ ಜೋಡಿಸಿ ಕೂತಿದ್ದಳು. ಅಳು ನಿಂತಿರಲಿಲ್ಲ, ಆದರೆ ಹೆದರಿಕೆ ಹೋಗಿತ್ತು. ಮಳೆಗಾಲದ ಆ ಜ್ವರದಿಂದ ಇಲ್ಲಿಯವರೆಗೆ ಆ ಮುಖ ಇಷ್ಟು ಹಗುರಾಗಿದ್ದನ್ನು ಅವನು ಕಂಡಿರಲಿಲ್ಲ.

ಮಾಳೇಶ ನಿಂತಲ್ಲೇ ನಿಂತ. ಊರ ಮುಂದೆ ಆಡಿದ ಒಂದೇ ಒಂದು ಸ್ವಂತ ಮಾತು, ಅದನ್ನೂ ದೇವಿ ತನ್ನ ಖಾತೆಗೆ ಹಾಕಿಕೊಂಡಳಲ್ಲ! ನಾನೇ ಅಂದೆ ಎಂದು ಇನ್ನೊಮ್ಮೆ ಕೂಗಬಹುದಿತ್ತು. ಕೆರೆ ದಂಡೆಯ ಪಾಠವನ್ನೆಲ್ಲ ಬಿಡಿಸಿ ಹೇಳಬಹುದಿತ್ತು. ಆಗ ಮಾತು ಅವನದಾಗುತ್ತಿತ್ತು, ಹೆದರಿಕೆ ಹೆಂಡತಿಯದು. ಬಹಳ ಹೊತ್ತು ಯೋಚಿಸಿದ. ಯೋಚಿಸಿ ಹೇಳಿದ.

"ಆಗ್ಲಿ ಬಿಡ್ರಿ."

ಆ ಮಾತನ್ನು ಈ ಸಲ ಅವನೇ ಹುಡುಕಿಕೊಂಡು ಹೋಗಿ ತಂದಿದ್ದ. ಅದು ಯಾರಿಗೂ ಗೊತ್ತಾಗಲಿಲ್ಲ.

ದೇವಿಗೆ ಒಂದು ಕುಂಬಳಕಾಯಿ ಒಡೆದರು. ಚೇರ್ಮನ್ ಕೊರಳಿಗೆ ಅರಿಶಿನದ ದಾರ ಕಟ್ಟಿ, ಇನ್ನು ಇದು ಅವ್ವನ ಟಗರು ಎಂದು ಬಿಟ್ಟರು. ಚಂದ್ರಶೇಖರಪ್ಪ ಮಾತ್ರ ಮಸಾಲೆಯ ಪೊಟ್ಟಣ ಹಿಡಿದುಕೊಂಡು ಹತ್ತಿರ ಬಂದು, ಭಯಭಕ್ತಿಯಿಂದ ಕೇಳಿದ. "ಭಾವ, ಅವ್ವ ಕೋಳಿಗಾದ್ರೂ ಒಪ್ತಾಳನಾ, ಸ್ವಲ್ಪ ಕೇಳಿ ಹೇಳು."

"ಕೋಳಿನೇ ಕೇಳ್ರಿ ಭಾವ" ಎಂದ ಮಾಳೇಶ.

ಚಂದ್ರಶೇಖರಪ್ಪ ಬದನೆಕಾಯಿ ಪಲ್ಯದಲ್ಲಿ ಉಂಡು, ಡಬ್ಬಿಯ ತುಂಬ ತೆಂಗಿನಕಾಯಿ ಹೋಳು ತುಂಬಿಕೊಂಡು ಜಡೆಯ ದಾರಿ ಹಿಡಿದ. ನಾಗಶ್ರೀ ಚರ್ಚಾಸ್ಪರ್ಧೆಯಲ್ಲಿ ಸ್ವಂತ ಇಚ್ಛೆ ಇಲ್ಲ ಎಂದು ಶುರುಮಾಡಿ, ನಡುವೆ ಏನನ್ನೋ ನೆನೆದುಕೊಂಡು, ಕೊನೆಗೆ ಇದೆ ಎಂದು ಮುಗಿಸಿದಳಂತೆ. ಮೇಷ್ಟ್ರು ಬೈದರು, ಬಹುಮಾನ ಸಿಗಲಿಲ್ಲ. ಊರವರಂತೂ ಮಾಳೇಶನನ್ನು ಬೇರೆಯೇ ಕಣ್ಣಿನಿಂದ ನೋಡತೊಡಗಿದರು. ಬೋರು ಎಲ್ಲಿ ಕೊರೆಸಲಿ, ಮಗಳನ್ನು ಆ ಮನೆಗೆ ಕೊಡಲೋ ಬೇಡವೋ ಎಂದು ಅವನನ್ನೇ ಕೇಳಲು ಬರುತ್ತಾರೆ. ಅವನು ಹೇಳುವುದೇನು, ಆಗ್ಲಿ ಬಿಡ್ರಿ. ಅವ್ವನ ಅಪ್ಪಣೆಯಾಯಿತು ಎಂದು ಹೋಗುತ್ತಾರೆ.

ಕೆಲವು ದಿನ ಕಳೆದ ಮೇಲೆ ಒಂದು ಬೆಳಗ್ಗೆ ಕೆರೆಯ ದಂಡೆಗೆ ದುರುಗಮ್ಮನೇ ರೊಟ್ಟಿ ತಂದಳು. ಕುರಿಗಳು ನೀರು ಕುಡಿಯುತ್ತಿದ್ದವು. ಚೇರ್ಮನ್ ಹೊಟ್ಟೆಯವರೆಗೆ ನೀರಿಗಿಳಿದು ನಿಂತಿತ್ತು. ಗಂಡನ ಪಕ್ಕ ಕೂತು ಆಕೆ ಕೇಳಿದಳು.

"ರೀ, ನಿಜ ಹೇಳ್ರಿ. ಆವತ್ತು ಬ್ಯಾಡ ಅಂದಿದ್ದು ನೀವಾ, ಅವ್ವನಾ?"

ಮಾಳೇಶ ರೊಟ್ಟಿ ಮುರಿದ.

"ನಿಮ್ಮಣ್ಣ ನನ್ ಹೆಗಲ ಮೇಲೆ ಮಲ್ಗಿದ್ದ ಅಂತ ಹೇಳಿದ್ನಲ್ಲ, ಬಸ್ಸಾಗೆ" ಎಂದ.

"ಅದನ್ನ ಊರೆಲ್ಲ ಹೇಳೀರಿ. ಈಗ್ಯಾಕೆ ಅದು?"

"ಶಿರಾಳಕೊಪ್ಪದಾಗೆ ಬ್ರೇಕ್ ಹಾಕಿದಾಗ ಅವನ ತಲೆ ಆ ಕಡೆ ಕಿಟಕಿಗೆ ಹೊರಳ್ತು. ನನ್ ಹೆಗಲು ಖಾಲಿನೇ ಆಗಿತ್ತು. ಇಳೀಬೋದಿತ್ತು."

"ಮತ್ತೆ?"

"ಮೆಲ್ಲಗೆ ಅವನ ತಲೆ ಹಿಡ್ದು ಎಳ್ಕೊಂಡು ತಿರ್ಗಾ ಹೆಗಲ ಮೇಲೆ ಇಟ್ಕೊಂಡೆ. ಮುಂದಿನ ಸೀಟಿನಾಗೆ ನೀನಿದ್ದೆ. ಶಿಕಾರಿಪುರದಾಗೆ ಹತ್ತಿದಾಗ್ಲಿಂದ ನೋಡ್ತಿದ್ದೆ."

ದುರುಗಮ್ಮನ ಮುಖ ಕೆಂಪಾಯಿತು. "ಅಬ್ಬಬ್ಬಾ! ಏನು ಗಂಡಸ್ರೀ ನೀವು! ಮಗಳು ಕಾಲೇಜು ಮುಗಿಸೋ ಹೊತ್ತಿಗೆ ಹೇಳ್ತೀರಲ್ಲ ಇದನ್ನ!" ಎಂದು ಅವನ ತೋಳಿಗೊಂದು ಏಟು ಕೊಟ್ಟಳು. ಆಮೇಲೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಗುತ್ತಾ ಇದ್ದಂತೆ ಅವಳಿಗೆ ತಾನು ಕೇಳಿದ್ದಕ್ಕೆ ಉತ್ತರ ಸಿಕ್ಕಿತೆಂದು ತಿಳಿಯಿತು. ನಗು ನಿಂತಿತು. ಬೇವಿನ ಮರ, ಕತ್ತಿ, ತಾನು ಸೆರಗೊಡ್ಡಿದ ಆಸ್ಪತ್ರೆಯ ಕಾರಿಡಾರು, ಎಲ್ಲಾ ಅವಳ ಕಣ್ಣಿನಲ್ಲಿ ಹಾದುಹೋಯಿತು. ಮಾಳೇಶ ಅವಳ ಮುಖ ನೋಡಲಾರದೆ ರೊಟ್ಟಿಯನ್ನೇ ನೋಡುತ್ತಾ ಕೂತ.

ಅದೇ ಹೊತ್ತಿಗೆ ಚೇರ್ಮನ್ ನೀರಿನಿಂದ ಮೇಲೆ ಬಂತು. ಅವರಿಬ್ಬರ ಎದುರಿಗೇ ಬಂದು, ನಾಲ್ಕೂ ಕಾಲು ಅಗಲಿಸಿ ನಿಂತು, ಕೊಂಬಿನಿಂದ ಬಾಲದವರೆಗೆ ಬುರ್‌ರೆಂದು ಮೈ ಕೊಡವಿತು. ಅಂಥ ಕೊಡವುವಿಕೆಯನ್ನು ಯಾವ ದೇವಿಯೂ ಒಲ್ಲೆ ಎನ್ನುವಂತಿರಲಿಲ್ಲ. ಇಬ್ಬರ ಮುಖವೂ ತೋಯ್ದುಹೋಯಿತು.

ಮಾಳೇಶನ ಕೈಯಿಂದ ರೊಟ್ಟಿ ಜಾರಿತು. ಅವನು ಹೆದರುತ್ತಾ ಹೆಂಡತಿಯ ಕಡೆ ತಿರುಗಿದ.

ದುರುಗಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ಬಂದಳಿಕೆಯ ರಸ್ತೆಯ ಕಡೆಗೂ ಒಮ್ಮೆ ನೋಡಿದಳು. ಯಾರೂ ಇರಲಿಲ್ಲ. ಬಿದ್ದ ರೊಟ್ಟಿಯನ್ನು ಎತ್ತಿ, ಮಣ್ಣು ಊದಿ, ಚೇರ್ಮನ್ ಬಾಯಿಗೆ ಕೊಟ್ಟಳು.

"ಬಿಸಿಲು ಕಣ್ಣಿಗೆ ಹೊಡೀತಿತ್ತು" ಎಂದಳು. "ನಾನೇನೂ ನೋಡ್ಲಿಲ್ಲಪ್ಪ."